ಹಳ್ಳಿಯನ್ನು ಜಗತ್ತಿಗೆ ಸಜ್ಜುಗೊಳಿಸುವ ಮುನ್ನ

ಊರಿಗೆ ಹೋದಾಗ ನಮ್ಮಂಥವರನ್ನು ಶಾಲೆ ಕಾಲೇಜುಗಳಿಗೆ ಭಾಷಣಕ್ಕೆ ಕರೆಯುತ್ತಾರೆ. ನಾವೂ ಇಸ್ತ್ರಿ ಶರ್ಟು ತೊಟ್ಟು ಹೋಗಿ, 'ಈಗ ಜಗತ್ತೇ ಮಾರುಕಟ್ಟೆ, ನೀವು ಸಜ್ಜಾಗಬೇಕು' ಎಂದು ಹೇಳಿ ಬರುತ್ತೇವೆ. ಸಜ್ಜಾಗುವುದೆಂದರೆ ಇಂಗ್ಲಿಷ್ ಮಾತು, ಸಂದರ್ಶನದಲ್ಲಿ ಕೂರುವ ಭಂಗಿ, ಒಂದಿಷ್ಟು ಆತ್ಮವಿಶ್ವಾಸ. ಹಳ್ಳಿ ಜಗತ್ತಿನ ವ್ಯಾಪಾರದಿಂದ ಹೊರಗಿದೆ, ನಾವು ಕೈಹಿಡಿದು ಒಳಗೆ ಕರೆತರಬೇಕು ಎಂಬುದು ಈ ಉಪದೇಶದ ಬುಡ. ಆ ಬುಡವೇ ಸುಳ್ಳು.

ನಾನು ಕೂತು ಬರೆಯುತ್ತಿರುವ ಡಮ್ ಡಮ್‌ನಲ್ಲೇ ಅದಕ್ಕೆ ಸಾಕ್ಷಿಯಿದೆ. ಇಲ್ಲಿನ ಜೆಸ್ಸೋರ್ ರಸ್ತೆಯಲ್ಲಿ 1928ರಲ್ಲಿ ಗ್ರಾಮಫೋನ್ ಕಂಪನಿಯ ಕಾರ್ಖಾನೆ ಬಂತು. ನಮ್ಮ ಅಜ್ಜಂದಿರು ಕೇಳಿದ, ನಾಯಿಯ ಚಿತ್ರವಿದ್ದ ಎಚ್‌ಎಂವಿ ತಟ್ಟೆಗಳ ಕಾರ್ಖಾನೆ ಇದು. ಆ ಕಾಲದ ತಟ್ಟೆಗೆ ಅರಗು ಬೇಕೇ ಬೇಕು. ಛೋಟಾ ನಾಗಪುರದ ಆದಿವಾಸಿಗಳು ಮುತ್ತುಗ, ಕುಸುಮ ಮರಗಳ ಕೊಂಬೆಗಳಿಂದ ಅದನ್ನು ಕೆರೆದು ಸಂತೆಗೆ ತರುತ್ತಿದ್ದರು. ಅದೇ ಅರಗು ಕಲ್ಕತ್ತೆಯ ಬಂದರಿನಿಂದ ಇಂಗ್ಲೆಂಡ್, ಅಮೆರಿಕಗಳಿಗೂ ಹೋಗುತ್ತಿತ್ತು. 1950ರ ದಶಕದಲ್ಲಿ ವಿನೈಲ್ ತಟ್ಟೆಗಳು ಹರಡಿದಂತೆ ಆ ಬೇಡಿಕೆ ಕರಗಿತು. ಈ ಜನ ಅಂತರರಾಷ್ಟ್ರೀಯ ವ್ಯಾಪಾರದ ನಟ್ಟನಡುವೆಯೇ ಇದ್ದರು. ಬೆಲೆ ಕಟ್ಟುವ ಜಾಗದಲ್ಲಿ ಮಾತ್ರ ಇರಲಿಲ್ಲ.

ಹಳೆಯ ಕಥೆ ಎನ್ನಬೇಡಿ. ನಮ್ಮ ಕರ್ನಾಟಕದ ಮಿಡಿಸೌತೆ ನೋಡಿ. ನಮ್ಮ ಅಡುಗೆಮನೆಗೆ ಬಾರದ ಈ ಬೆಳೆ 1990ರ ದಶಕದಲ್ಲಿ ರಫ್ತಿಗೆಂದೇ ಇಲ್ಲಿ ಶುರುವಾಗಿ, ಆಮೇಲೆ ನೆರೆರಾಜ್ಯಗಳಿಗೂ ಹಬ್ಬಿತು. 2020-21ರಲ್ಲಿ ಭಾರತದಿಂದ ಹೊರಗೆ ಹೋದ ಸೌತೆ, ಮಿಡಿಸೌತೆ 2 ಲಕ್ಷ 23 ಸಾವಿರ ಟನ್ನಿಗೂ ಹೆಚ್ಚು. ಸುಮಾರು 90,000 ಸಣ್ಣ ರೈತರು ಕಂಪನಿಗಳ ಜೊತೆ ಕರಾರು ಮಾಡಿಕೊಂಡು ಬೆಳೆಯುತ್ತಾರೆಂದು ಕೇಂದ್ರ ವಾಣಿಜ್ಯ ಸಚಿವಾಲಯವೇ ಹೇಳಿದೆ. ಬೀಜ, ಗೊಬ್ಬರ, ಔಷಧಿ ಸಾಲದಲ್ಲಿ ಬರುತ್ತವೆ. ಲೆಕ್ಕದ ದಿನ ಮುರಿದುಕೊಳ್ಳುತ್ತಾರೆ. ಕಾಯಿ ಎಷ್ಟು ಚಿಕ್ಕದೋ ಬೆಲೆ ಅಷ್ಟು ಹೆಚ್ಚು. ಒಂದು ದಿನ ಕೀಳಲು ಆಳು ಸಿಗದಿದ್ದರೆ ಕಾಯಿ ಬಲಿತು ದರ್ಜೆ ಇಳಿಯುತ್ತದೆ. ಇಂಥ ಮನೆಯಿಂದ ಬಂದ ಹುಡುಗಿಗೆ ನಾವು ಜಾಗತಿಕ ಮಾರುಕಟ್ಟೆಯನ್ನು ಪರಿಚಯಿಸುತ್ತೇವೆ! ಅವಳು ಬೆಳಿಗ್ಗೆ ಅದನ್ನೇ ಕಿತ್ತು ಬುಟ್ಟಿ ತುಂಬಿಸಿ ಕಾಲೇಜಿಗೆ ಬಂದಿರುತ್ತಾಳೆ.

ಇಂಗ್ಲಿಷ್ ಇಲ್ಲದೆ ವಿದೇಶಿ ವ್ಯಾಪಾರ ಹೇಗೆ ಎಂದು ಕೇಳುವವರಿದ್ದಾರೆ. ಇಂಗ್ಲಿಷ್ ಬೇಕು, ಕಲಿಯಲಿ. ಆದರೆ ಕ್ಯಾಂಪ್ಕೊ ಹುಟ್ಟಿದ್ದು ಇಂಗ್ಲಿಷ್ ತರಗತಿಯಿಂದಲ್ಲ. ಅಡಿಕೆ ಬೆಲೆ ಬಿದ್ದು ಕಂಗೆಟ್ಟಿದ್ದ ಕರ್ನಾಟಕ, ಕೇರಳದ ಬೆಳೆಗಾರರು ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಅದನ್ನು ಕಟ್ಟಿದರು. 1980ರ ಹೊತ್ತಿಗೆ ಜಗತ್ತಿನ ಪೇಟೆಯಲ್ಲಿ ಕೋಕೋ ಬೆಲೆ ಕುಸಿದು ಖರೀದಿದಾರರು ಹಿಂದೆ ಸರಿದಾಗ ಕೋಕೋ ಕೊಳ್ಳಲು ನಿಂತದ್ದು ಇದೇ ಸಹಕಾರಿ. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ತೆರೆಯಿತು. ಜಗತ್ತಿನ ಏರಿಳಿತಕ್ಕೆ ಸಜ್ಜಾಗುವುದೆಂದರೆ ಇದು: ಬೆಲೆ ಎಲ್ಲಿ, ಯಾಕೆ ಬಿತ್ತೆಂದು ತಿಳಿಯುವುದು, ಬಿದ್ದಾಗ ಒಟ್ಟಾಗಿ ನಿಲ್ಲುವುದು.

ಈ ವಿದ್ಯೆ ನಮ್ಮ ಹತ್ತಿರ ಇಲ್ಲವೇ? ಇದೆ. ಕರಾರಿನ ಷರತ್ತು, ಗುಣಮಟ್ಟದ ಪರೀಕ್ಷೆ, ಡಾಲರಿನ ಏರಿಳಿತ, ಸರಕು ತಿರಸ್ಕೃತವಾದರೆ ನಷ್ಟ ಯಾರ ತಲೆಗೆ ಎಂಬ ಲೆಕ್ಕ, ಇವೇ ನಮ್ಮಲ್ಲಿ ಎಷ್ಟೋ ಜನರ ದಿನದ ಕೆಲಸ. ಊರಿಗೆ ಹೋದಾಗ ಮಾತ್ರ ಇದನ್ನು ಬಚ್ಚಿಟ್ಟು ಆತ್ಮವಿಶ್ವಾಸ ಹಂಚುತ್ತೇವೆ. ಆತ್ಮವಿಶ್ವಾಸ ಹಂಚಿದರೆ ಯಾರ ಲಾಭಕ್ಕೂ ಕತ್ತರಿ ಬೀಳುವುದಿಲ್ಲ, ಅದಕ್ಕೇ.

ಮುಂದಿನ ಸಲ ಕರೆದಾಗ ಸ್ಲೈಡುಗಳನ್ನು ಬಿಟ್ಟು ಹೋಗೋಣ. ಆ ತರಗತಿಯ ಒಂದು ಮನೆಯ ಕರಾರು ಪತ್ರವನ್ನೋ ಖರೀದಿ ಚೀಟಿಯನ್ನೋ ತರಿಸಿ ಎಲ್ಲರೂ ಕೂತು ಓದೋಣ. ಅದು ಯಾವ ಭಾಷೆಯಲ್ಲಿದ್ದರೂ ಕನ್ನಡದಲ್ಲಿ ಬಿಡಿಸಿ ಹೇಳೋಣ. ತೂಕ ಯಾರದು, ದರ್ಜೆ ಹೇಳುವವರು ಯಾರು, ಒಪ್ಪದಿದ್ದರೆ ದೂರು ಎಲ್ಲಿಗೆ? ಮಕ್ಕಳು ಕೇಳುವ ಪ್ರಶ್ನೆಗಳು ನಮ್ಮಲ್ಲಿ ಕೆಲವರ ಸಂಬಳದ ಮೂಲಕ್ಕೇ ತಾಗಬಹುದು. ತಾಗಲಿ. ಉತ್ತರ ಹೇಳಿಯೇ ವಾಪಸು ರೈಲು ಹತ್ತೋಣ.