ಕ್ಯಾಶಿನಲ್ಲಿ ಕೂರುವುದಷ್ಟೇ ಮ್ಯಾನೇಜರಿಕೆಯಲ್ಲ

ತೊಕ್ಕೊಟ್ಟು ಜಂಕ್ಷನ್ನಿನಿಂದ ದೇರಳಕಟ್ಟೆ ಕಡೆಗೆ ಒಮ್ಮೆ ಸಂಜೆ ಹೊತ್ತು ಹೋಗಿ ನೋಡಿ. ಎಷ್ಟೊಂದು ಫಾಸ್ಟ್‌ಫುಡ್ ಬೋರ್ಡುಗಳು! ಮೆಡಿಕಲ್ ಕಾಲೇಜುಗಳ ಹುಡುಗ ಹುಡುಗಿಯರು, ರೋಗಿಗಳ ಜೊತೆ ಬಂದವರು, ಕೊಣಾಜೆ ಯೂನಿವರ್ಸಿಟಿಯವರು, ಸೋಮೇಶ್ವರ ಬೀಚಿಗೆ ಬಂದವರು... ಎಲ್ಲರಿಗೂ ಹಸಿವು, ಎಲ್ಲರಿಗೂ ಅರ್ಜೆಂಟು. ಗಲ್ಫಿನಿಂದ ಹಿಂತಿರುಗಿದ ಗಂಡ ಉಳಿಸಿದ ದುಡ್ಡು ಹಾಕಿ ಇಂಥದ್ದೊಂದು ಅಂಗಡಿ ತೆರೆಯುವುದು ನಮ್ಮ ಉಳ್ಳಾಲದ ಕಡೆ ಹೊಸತೇನಲ್ಲ. ಮಕ್ಕಳು ಶಾಲೆಗೆ ಹೋದ ಮೇಲೆ "ನೀನೊಮ್ಮೆ ಕ್ಯಾಶಿನಲ್ಲಿ ಕೂತ್ಕೋ" ಎಂದು ಹೆಂಡತಿಯನ್ನು ಕರೆಯುವುದೂ ಹೊಸತಲ್ಲ. ಆ ಒಂದು ಗಂಟೆ ಆರು ತಿಂಗಳಲ್ಲಿ ಎಂಟು ಗಂಟೆಯಾಗಿರುತ್ತದೆ. ಕೋಳಿಯವನಿಗೆ ಫೋನ್ ಮಾಡುವುದು ಅವಳು, ರಜೆ ಹಾಕಿದ ಹುಡುಗನ ಬದಲಿಗೆ ಇನ್ನೊಬ್ಬನನ್ನು ಹುಡುಕುವುದು ಅವಳು, ಗಿರಾಕಿಯ ಬೈಗುಳ ಕೇಳುವುದೂ ಅವಳೇ. ಆದರೆ ಸಾಮಾನಿನ ಏಜೆಂಟ್ ಬಂದರೆ ಮೊದಲ ಪ್ರಶ್ನೆ, "ಯಜಮಾನರು ಇಲ್ವಾ ಅಕ್ಕಾ?"

ನೀವೂ ಹೀಗೆ ಕೂತಿದ್ದೀರಾದರೆ, ಅಥವಾ ಕೂರುವ ಯೋಚನೆಯಿದ್ದರೆ, ನನ್ನದೊಂದು ಮಾತು. ಕೂರುವುದಾದರೆ ಮ್ಯಾನೇಜರಾಗಿಯೇ ಕೂರಿ. ಕೆಲಸ ನಿಮ್ಮದು, ಅಧಿಕಾರ ಇನ್ನೊಬ್ಬರದು ಎಂದಾದರೆ ಅಂಗಡಿಯೂ ಕೆಡುತ್ತದೆ, ಮನೆಯೂ ಕೆಡುತ್ತದೆ.

"ಮನೆ ನಡೆಸಿದವಳಿಗೆ ಹೋಟೆಲ್ ಏನು ಮಹಾ" ಎನ್ನುವವರಿದ್ದಾರೆ. ಅರ್ಧ ನಿಜ. ಹಳೆ ಅಕ್ಕಿ ಮುಗಿಸಿ ಹೊಸ ಅಕ್ಕಿ ತೆಗೆಯುವ ಬುದ್ಧಿ ಫ್ರಿಜ್ಜಿನ ಚಿಕನ್ನಿಗೂ ಬೇಕು, ಅದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಮನೆಯಲ್ಲಿ ನಾವು ಎಲ್ಲವನ್ನೂ ನಾವೇ ಮಾಡಿ ಮುಗಿಸುತ್ತೇವಲ್ಲ, ಆ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ರಶ್ ಆಯಿತೆಂದು ನೀವೇ ಪಾರ್ಸೆಲ್ ಕಟ್ಟಲು ಎದ್ದರೆ, ಬಿಲ್ ಮಾಡುವವರಿಲ್ಲ, ಟೇಬಲ್ ಒರೆಸದ್ದನ್ನು ನೋಡುವವರಿಲ್ಲ. ಮ್ಯಾನೇಜರಿನ ಕೆಲಸ ಮುಖ್ಯವಾಗಿ ಕಣ್ಣಿನದು.

ಈ ಕಣ್ಣಿನ ಮಾತು ನಮ್ಮ ಕರಾವಳಿಯ ಹೋಟೆಲಿನವರು ಚೆನ್ನಾಗಿ ಬಲ್ಲರು. ಕೋಟದ ಹತ್ತಿರದ ಪಾರಂಪಳ್ಳಿಯಿಂದ ಬೆಂಗಳೂರಿಗೆ ಹೋದ ಮಯ್ಯ ಸಹೋದರರು 1924ರಲ್ಲಿ ಕಟ್ಟಿದ ಎಂಟಿಆರ್ ನಿಮಗೆ ಗೊತ್ತಿದೆ. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಸುತ್ತಿ ಬಂದ ಮೇಲೆ ಅಲ್ಲಿ ಪಾತ್ರೆಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಕ್ರಮ ಬಂತು. ಗಿರಾಕಿಗಳು ಅಡುಗೆಮನೆ ನೋಡಿಕೊಂಡೇ ಊಟಕ್ಕೆ ಹೋಗುವಂತಾಯಿತು. 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ತೆರೆದ ಕೆಫೆ ದರ್ಶಿನಿಯಲ್ಲೂ ಅಷ್ಟೇ. ಮೊದಲು ದುಡ್ಡು, ಕೈಗೆ ಚೀಟಿ, ನಿಂತು ತಿನ್ನುವುದು, ಎದುರಿಗೇ ಅಡುಗೆ. ವಿದೇಶದ ಫಾಸ್ಟ್‌ಫುಡ್ಡಿನ ವೇಗವನ್ನು ಇಡ್ಲಿ ವಡೆಗೆ ತಂದದ್ದು ಅದು. ಗಿರಾಕಿ ನೋಡುತ್ತಿದ್ದಾನೆ ಎಂದಾದರೆ ಯಾವ ಮಾಸ್ಟರ್ ಕೊಳಕು ಬಟ್ಟೆಯಲ್ಲಿ ಕಲ್ಲು ಒರೆಸುತ್ತಾನೆ ಹೇಳಿ! ನಿಮ್ಮ ಅಡುಗೆಮನೆಗೂ ಸಾಧ್ಯವಾದರೆ ಗೋಡೆಯ ಬದಲು ಗಾಜು ಹಾಕಿಸಿ.

ಈಗ ಸ್ವಲ್ಪ ಗಂಭೀರ ವಿಷಯ. 2022ರ ಮೇ ತಿಂಗಳಲ್ಲಿ ಇಲ್ಲೇ ಪಕ್ಕದ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಒಬ್ಬಳು ವಿದ್ಯಾರ್ಥಿನಿ ತೀರಿಕೊಂಡಳು, ಇನ್ನೂ ಹಲವರು ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಷಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. 2023ರ ಜನವರಿಯಲ್ಲಿ ಕೇರಳ ಸರ್ಕಾರ ಹಸಿ ಮೊಟ್ಟೆಯ ಮಯೊನೈಸನ್ನೇ ನಿಷೇಧಿಸಿತು. ನಮ್ಮ ಸೆಖೆಯಲ್ಲಿ ಬೇಯಿಸಿದ ಮಾಂಸ ಹೊರಗೆ ಇದ್ದರೆ ಏನಾಗುತ್ತದೆ ಎಂದು ಯಾವ ಗೃಹಿಣಿಗೆ ಗೊತ್ತಿಲ್ಲ? 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಬಿಸಿಯದ್ದು ಬಿಸಿಯಾಗಿಯೇ, ತಣ್ಣಗಿನದ್ದು ತಣ್ಣಗೇ ಇರಬೇಕು. ಕರೆಂಟ್ ಹೋದಾಗ ಫ್ರಿಜ್ ಎಷ್ಟು ಹೊತ್ತು ಬಂದ್ ಇತ್ತು ಎಂದು ಬರೆದಿಡಿ. ಕರಿದ ಎಣ್ಣೆಗೂ ಲೆಕ್ಕ ಉಂಟು. ಅದರಲ್ಲಿ ಕೆಟ್ಟ ಅಂಶ, ಅಂದರೆ ಟೋಟಲ್ ಪೋಲಾರ್ ಕಾಂಪೌಂಡ್ಸ್, 25 ಶೇಕಡಾ ದಾಟಿದರೆ ಬಳಸಕೂಡದು ಎಂದು 2018ರ ಜುಲೈಯಿಂದ ನಿಯಮವಿದೆ. ಕೆಂಪಗೆ ಕಾಣಲೆಂದು ಹಾಕುವ ಬಣ್ಣವನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ, ಜೂನ್‌ನಲ್ಲಿ ಚಿಕನ್ ಮತ್ತು ಮೀನಿನ ಕಬಾಬಿಗೆ ನಿಷೇಧಿಸಿತು. ಬ್ಯಾಡಗಿ ಮೆಣಸು ಇರುವ ರಾಜ್ಯದಲ್ಲಿ ಕೆಂಪು ಬಣ್ಣ ಡಬ್ಬಿಯಿಂದ ಬರಬೇಕಾ ಮಾರಾಯ್ರೆ?

ಇದನ್ನೆಲ್ಲ ಓದಿ ತಿಳಿದುಕೊಳ್ಳುವುದು ಕಷ್ಟವಲ್ಲ. ಕಷ್ಟ ಇರುವುದು ರಾತ್ರಿ ಹತ್ತೂವರೆಗೆ. ಎರಡು ಕಿಲೋ ಚಿಕನ್ ಉಳಿದಿದೆ. ಗಂಡ ಹೇಳುತ್ತಾರೆ, "ಇರ್ಲಿ, ನಾಳೆ ಗ್ರೇವಿಗೆ ಹಾಕುವ." ಮಾಸ್ಟರ್ ತಲೆ ಆಡಿಸುತ್ತಾನೆ. "ಬೇಡ, ಚೆಲ್ಲಿ" ಎಂದು ಆಗ ಹೇಳಿ, ಆ ಮಾತು ನಡೆಯುವಂತೆ ಮಾಡಬಲ್ಲವರು ಯಾರೋ ಅವರೇ ಅಲ್ಲಿನ ಮ್ಯಾನೇಜರ್. ಈ ಒಂದು ಮಾತಿನ ಅಧಿಕಾರವನ್ನು ಕೆಲಸಕ್ಕೆ ಕೂರುವ ಮೊದಲೇ ಮನೆಯಲ್ಲಿ ಮಾತಾಡಿ ಪಡೆದುಕೊಳ್ಳಿ. ಕೆಲಸದವರ ಎದುರಿಗೆ ಜಗಳ ಬೇಡ, ಅದು ಇಬ್ಬರ ಮರ್ಯಾದೆಯೂ ಹೋಗುವ ದಾರಿ.

ಚೆಲ್ಲುವ ಪ್ರಸಂಗವೇ ಬಾರದ ಹಾಗೆ ಲೆಕ್ಕ ಹಾಕುವುದು ಇನ್ನೂ ಜಾಣತನ. ನಮ್ಮೂರಿನ ವ್ಯಾಪಾರಕ್ಕೆ ಅದರದ್ದೇ ಪಂಚಾಂಗ ಉಂಟು. ಕಾಲೇಜುಗಳಿಗೆ ರಜೆ ಬಿದ್ದರೆ ದೇರಳಕಟ್ಟೆ ಖಾಲಿ. ರಂಜಾನಿನಲ್ಲಿ ಹಗಲು ನೊಣ ಹೊಡೆಯಬೇಕು, ಇಫ್ತಾರ್ ಆದ ಮೇಲೆ ಕೈ ಸಾಲದು. ದರ್ಗಾದ ಉರೂಸ್ ಬಂದರಂತೂ ಕೇಳುವುದೇ ಬೇಡ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಅಂಜಲ್ ರೇಟ್ ಕೇಳಿದರೆ ತಲೆ ತಿರುಗುತ್ತದೆ. ಆ ಎರಡು ತಿಂಗಳು ಫಿಶ್ ಫ್ರೈಯನ್ನು ಮೆನುವಿನಿಂದ ಧೈರ್ಯವಾಗಿ ತೆಗೆದುಬಿಡಿ, ಗೋಳಿಬಜೆಗೂ ಮೊಟ್ಟೆಗೂ ಮಳೆಗಾಲದಲ್ಲಿ ಗಿರಾಕಿ ಕಡಿಮೆಯಿಲ್ಲ. ಹಾಗೇ ಇನ್ನೊಂದು, ಮನೆಯ 14.2 ಕಿಲೋ ಸಿಲಿಂಡರನ್ನು ಅಂಗಡಿಗೆ ತರುವಂತಿಲ್ಲ. ಅಂಗಡಿಗೆ 19 ಕಿಲೋದ್ದೇ ಬೇಕು.

ಕೆಲಸದವರ ವಿಷಯ. ಒಂದು ಕಾಲದಲ್ಲಿ ನಮ್ಮ ತುಳುನಾಡಿನ ಹುಡುಗರು ಮುಂಬಯಿ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದವರು. ಈಗ ನಮ್ಮಲ್ಲಿ ತಟ್ಟೆ ತೊಳೆಯುವವರು ಅಸ್ಸಾಮಿನವರು, ನೇಪಾಳದವರು, ಉತ್ತರ ಕರ್ನಾಟಕದವರು. ಅವರ ಅಮ್ಮಂದಿರೂ ದೂರದಲ್ಲಿ ಕೂತು ಫೋನಿಗೆ ಕಾಯುತ್ತಿರುತ್ತಾರೆ. ವಾರಕ್ಕೊಂದು ರಜೆ ಉಪಕಾರವಲ್ಲ, ಕಾನೂನು. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವುದಕ್ಕೆ 2006ರ ಅಕ್ಟೋಬರ್ 10ರಿಂದಲೇ ನಿಷೇಧ ಇದೆ. "ಪಾಪ, ಊಟವಾದರೂ ಸಿಗುತ್ತದಲ್ಲ" ಎನ್ನುವ ಕನಿಕರ ಬೇಡ. ತಪ್ಪು ಮಾಡಿದ ಹುಡುಗನನ್ನು ಗಿರಾಕಿಯ ಎದುರು ಗದರಬೇಡಿ, ಒಳಗೆ ಕರೆದು ಹೇಳಿ. ಜ್ವರ, ಬೇಧಿ ಇರುವವನನ್ನು ಅಡುಗೆಮನೆಗೆ ಬಿಡಬೇಡಿ. ಆದರೆ ಆ ದಿನದ ಸಂಬಳ ಕಡಿದರೆ ಮುಂದಿನ ಸಲ ಅವನು ಹೇಳುವುದೇ ಇಲ್ಲ ನೋಡಿ, ಬಾಯಿ ಮುಚ್ಚಿಕೊಂಡು ಈರುಳ್ಳಿ ಹೆಚ್ಚುತ್ತಾನೆ.

ಕೊನೆಗೆ ದುಡ್ಡಿನ ಮಾತು. ಇದನ್ನು ಕೇಳಲು ನಮಗೆ ನಾಚಿಕೆ. ಬಾಡಿಗೆ, ಕರೆಂಟು, ಗ್ಯಾಸ್, ಹುಡುಗರ ಸಂಬಳ ಎಲ್ಲ ಕಳೆದು "ಇಷ್ಟು ಲಾಭ" ಎಂದು ಪುಸ್ತಕದಲ್ಲಿ ಬರೆಯುತ್ತೀರಲ್ಲ, ಅದರಲ್ಲಿ ನಿಮ್ಮ ಎಂಟು ಗಂಟೆಯ ದುಡಿಮೆ ಎಲ್ಲಿದೆ? ನಿಮ್ಮ ಜಾಗಕ್ಕೆ ಹೊರಗಿನವರನ್ನು ಇಟ್ಟರೆ ಎಷ್ಟು ಕೊಡಬೇಕೋ ಅಷ್ಟನ್ನು ಖರ್ಚಿನಲ್ಲಿ ತೋರಿಸಿ. ಆಗ ಲಾಭ ಎಂದುಕೊಂಡದ್ದು ನಷ್ಟವಾಗಿ ಕಂಡರೂ ಕಾಣಬಹುದು. ಕಾಣಲಿ, ಸಾಲ ಮಾಡಿ ಎರಡನೇ ಬ್ರಾಂಚ್ ತೆರೆಯುವ ಮೊದಲು ಅದು ಗೊತ್ತಾಗುವುದು ಒಳ್ಳೆಯದೇ. ಫುಡ್ ಲೈಸೆನ್ಸ್ ಯಾರ ಹೆಸರಿನಲ್ಲಿದೆ, ಅಂಗಡಿ ಕರಾರಿನಲ್ಲಿ ನಿಮ್ಮ ಸಹಿ ಇದೆಯಾ, ಇವತ್ತು ರಾತ್ರಿ ಕೇಳಿ ನೋಡಿ. ನಿಮ್ಮ ಸಂಬಳದ ಸಾಲನ್ನು ಈ ತಿಂಗಳಿನಿಂದಲೇ ಬಾಡಿಗೆಯ ಸಾಲಿನ ಕೆಳಗೆ ಬರೆಯಲು ಶುರು ಮಾಡಿ.