ನಾಮದ ಚಿಲುಮೆಗೆ ಹೋಗುವ ಮುನ್ನ ಬೆಟ್ಟದ ನೀರಿನ ಲೆಕ್ಕ

ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದ ದೇವರಾಯನದುರ್ಗಕ್ಕೆ ವಾರಾಂತ್ಯದಲ್ಲಿ ಹೋಗುವವರಿಗೆ ಕೊರತೆಯಿಲ್ಲ. ಬೆಟ್ಟದ ಮೇಲೆ ಯೋಗಾನರಸಿಂಹನ ದರ್ಶನ, ಕೆಳಗೆ ಭೋಗಾನರಸಿಂಹನಿಗೆ ಪೂಜೆ, ಆಮೇಲೆ ತುಮಕೂರಿನ ದಾರಿಯಲ್ಲಿ ನಾಮದ ಚಿಲುಮೆಯ ಬಳಿ ಗಾಡಿ ನಿಲ್ಲಿಸುವುದು ವಾಡಿಕೆ. ಅಲ್ಲಿ ಬಂಡೆಯೊಳಗಿಂದ ಬರುವ ಒರತೆ, ಹತ್ತಿರದಲ್ಲೇ ಅರಣ್ಯ ಇಲಾಖೆಯ ಜಿಂಕೆವನ. ಅರ್ಧ ಗಂಟೆಯಲ್ಲಿ ನೋಡಿ ಮುಗಿಯುತ್ತದೆ. ಬೇಸಿಗೆಯಲ್ಲಿ ಬಂದವರಂತೂ ‘ಇಷ್ಟೇನಾ?’ ಎಂದುಕೊಂಡು ವಾಪಸಾಗುವುದುಂಟು.

ಜಲಪಾತಕ್ಕೆ ಹೋಗುವ ಮನಸ್ಸಿನಲ್ಲೇ ಚಿಲುಮೆಗೂ ಹೋಗುವುದರಿಂದ ಈ ನಿರಾಸೆ. ಜಲಪಾತದಲ್ಲಿ ನೋಡಬೇಕಾದದ್ದೆಲ್ಲ ಕಣ್ಣೆದುರೇ ಧುಮ್ಮಿಕ್ಕುತ್ತದೆ. ಚಿಲುಮೆಯಲ್ಲಿ ಕಾಣುವುದು ಕೆಲವು ಬೊಗಸೆ ನೀರು. ಅದನ್ನು ಕೂಡಿಟ್ಟು ಕೊಡುತ್ತಿರುವ ಬೆಟ್ಟ ನಮ್ಮ ಬೆನ್ನ ಹಿಂದೆ ಇರುತ್ತದೆ. ಆ ಬೆಟ್ಟ ನೀರನ್ನು ಹೇಗೆ ಹಿಡಿಯುತ್ತದೆ, ಹೇಗೆ ಬಿಡುತ್ತದೆ ಎಂಬುದನ್ನು ತಿಳಿದುಕೊಂಡರೆ ಸಾಕು. ಯಾವ ತಿಂಗಳಲ್ಲಿ ಹೋಗಬೇಕು, ಎಲ್ಲಿ ನಡೆಯಬೇಕು, ಏನು ಒಯ್ಯಬೇಕು, ಏನು ಮಾಡಬಾರದು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಅದರಿಂದಲೇ ಹೊರಡುತ್ತದೆ.

ಕಲ್ಲಿನಲ್ಲಿ ನೀರು ಬರುವ ಬಗೆ

ವನವಾಸದಲ್ಲಿದ್ದ ಶ್ರೀರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ ಬಂಡೆಗೆ ಬಾಣ ಬಿಟ್ಟ, ಅಲ್ಲಿಂದ ನೀರು ಚಿಮ್ಮಿತು ಎಂಬುದು ಸ್ಥಳಪುರಾಣ. ಗಟ್ಟಿ ಬಂಡೆಯಿಂದ ನೀರು ಬರಬೇಕಾದರೆ ಮೊದಲು ಅದರಲ್ಲೊಂದು ಸೀಳು ಬೇಕು ಎಂಬ ತಿಳಿವಳಿಕೆ ಈ ಕಥೆಯಲ್ಲೇ ಇದೆ. ಭೂವಿಜ್ಞಾನ ಹೇಳುವುದೂ ಅದನ್ನೇ.

ರಾಮನಗರದ ಕಡೆಯಿಂದ ಶಿವಗಂಗೆ, ದೇವರಾಯನದುರ್ಗ, ಮಧುಗಿರಿ, ಪಾವಗಡಗಳವರೆಗೂ ಹಬ್ಬಿರುವ ಬಂಡೆಬೆಟ್ಟಗಳ ಸಾಲಿಗೆ ಭೂವಿಜ್ಞಾನಿಗಳು ಕೊಟ್ಟ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆ ಎಂದರೆ ಇಂದಿನ ರಾಮನಗರವೇ. ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಮರಳುಗಲ್ಲಿನ ಹಾಗೆ ಇದು ಮೈತುಂಬ ನೀರು ಹೀರಿಕೊಳ್ಳುವುದಿಲ್ಲ. ಇದರಲ್ಲಿ ನೀರಿಗೆ ಇರುವುದು ಎರಡೇ ನೆಲೆ. ಒಂದು, ಬಿಸಿಲು ಮಳೆಗೆ ಕಲ್ಲು ಶಿಥಿಲಗೊಂಡು ಆದ ಗರಸಿನ ಪದರ. ಇನ್ನೊಂದು, ಅದರ ಕೆಳಗಿನ ಬಂಡೆಯ ಬಿರುಕುಗಳು. ಮಳೆನೀರು ಗರಸಿನಲ್ಲಿ ಇಂಗಿ ಬಿರುಕುಗಳಿಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಬಿರುಕು ಎಲ್ಲಿ ಬಾಯಿ ತೆರೆದಿದೆಯೋ ಅಲ್ಲಿ ಒರತೆಯಾಗಿ ಹೊರಬರುತ್ತದೆ. ಕಾಫಿ ಫಿಲ್ಟರ್‌ಗೆ ಬಿಸಿನೀರನ್ನು ಒಮ್ಮೆಲೇ ಸುರಿದರೂ ಡಿಕಾಕ್ಷನ್ ತೊಟ್ಟಿಕ್ಕುವುದು ತನ್ನದೇ ನಿಧಾನದಲ್ಲಿ. ಮಳೆ ನಿಂತು ತಿಂಗಳುಗಳಾದರೂ ಒರತೆ ಜಿನುಗುತ್ತಿರುವುದು ಇಂಥದೇ ನಿಧಾನದಿಂದ.

ಇದರ ಲೆಕ್ಕವನ್ನೂ ನೋಡೋಣ. ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ತುಮಕೂರು ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600ರಿಂದ 700 ಮಿ.ಮೀ. ಕಡಿಮೆಯದನ್ನೇ ಹಿಡಿದರೂ ಒಂದು ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆ ನೆಲದ ಮೇಲೆ ವರ್ಷಕ್ಕೆ 60 ಲಕ್ಷ ಲೀಟರ್ ನೀರು ಬೀಳುತ್ತದೆ. ಅದರಲ್ಲಿ ಒಳಗಿಳಿಯುವುದು ಎಷ್ಟು? ದೇಶದಲ್ಲಿ ಅಂತರ್ಜಲ ಅಂದಾಜಿಗೆ ಬಳಸುತ್ತ ಬಂದಿರುವ ಮಾನದಂಡದಂತೆ, ಶಿಥಿಲಗೊಂಡ ಗ್ರಾನೈಟ್ ನೆಲದಲ್ಲಿ ಇಂಗುವುದು ಮಳೆಯ ಶೇ 8ರಿಂದ 11ರಷ್ಟು. ಬಿರುಕುಗಳು ಅಷ್ಟಾಗಿ ಇಲ್ಲದ ಬರಿ ಬಂಡೆಯಲ್ಲಿ ಶೇ 1 ಮಾತ್ರ. ಅಂದರೆ ಗರಸು, ಮಣ್ಣು ಉಳಿದಿರುವ ಕಡೆ ಹೆಕ್ಟೇರಿಗೆ ಸುಮಾರು 5ರಿಂದ 6.5 ಲಕ್ಷ ಲೀಟರ್ ಇಂಗಿದರೆ, ಅದು ಕೊಚ್ಚಿಹೋಗಿ ಬಂಡೆ ತೇಲಿದ ಕಡೆ ಅದೇ ಮಳೆಗೆ ಇಂಗುವುದು 60 ಸಾವಿರ ಲೀಟರ್. ಮೋಡ ಎರಡೂ ಕಡೆ ಒಂದೇ ಸಮ ಸುರಿಸಿರುತ್ತದೆ. ವ್ಯತ್ಯಾಸ ಮಾಡುವುದು ಬೆಟ್ಟದ ಮೈಮೇಲಿನ ತೆಳ್ಳನೆಯ ಹೊದಿಕೆ. ಹುಲ್ಲು, ಕುರುಚಲು ಗಿಡ, ಉದುರಿದ ಎಲೆ, ಬೇರು ಇವೆಲ್ಲ ಸೇರಿ ಹರಿವ ನೀರನ್ನು ತಡೆದು ನಿಲ್ಲಿಸುತ್ತವೆ, ಮಣ್ಣನ್ನು ಹಿಡಿದಿಡುತ್ತವೆ. ಚಿಲುಮೆಯ ಬಾಯಿಗೆ ಕಟ್ಟುವ ಕಲ್ಲುಚಪ್ಪಡಿ, ಕಂಬಿಬೇಲಿಗಿಂತ ಅದರ ಆಯುಷ್ಯವನ್ನು ನಿರ್ಧರಿಸುವುದು ಮೇಲಿನ ಈ ಹೊದಿಕೆಯೇ.

ಒಂದು ಬೆಟ್ಟ, ಎರಡು ನದಿ

ಸುಮಾರು 1,200 ಮೀಟರ್ ಎತ್ತರದ ದೇವರಾಯನದುರ್ಗದ ಮೇಲೆ ನರಸಿಂಹ ತೀರ್ಥ, ಪರಾಶರ ತೀರ್ಥ, ಪಾದ ತೀರ್ಥಗಳಿವೆ. ಬೆಟ್ಟದ ನೀರನ್ನು ನಮ್ಮ ಹಿರಿಯರು ತೀರ್ಥವೆಂದೇ ಕರೆದರು. ಇಲ್ಲಿ ಮಾತ್ರವಲ್ಲ, ಶಿವಗಂಗೆಯ ಒಳಕಲ್ಲು ತೀರ್ಥ, ಕೋಲಾರದ ಅಂತರಗಂಗೆ ಎಲ್ಲವೂ ಇದೇ ಬಯಲುಸೀಮೆಯ ಬಂಡೆಗಳು ಕೊಟ್ಟ ನೀರು.

ದೇವರಾಯನದುರ್ಗಕ್ಕೆ ಇನ್ನೊಂದು ಹೆಚ್ಚಳವಿದೆ. ಶಿಂಷಾ ಮತ್ತು ಜಯಮಂಗಲಿ ಎರಡೂ ಹುಟ್ಟುವುದು ಈ ಬೆಟ್ಟಸಾಲಿನಲ್ಲಿ. ಶಿಂಷಾ ದಕ್ಷಿಣಕ್ಕೆ ಹರಿದು, ಮಾರ್ಕೋನಹಳ್ಳಿ ಜಲಾಶಯ ತುಂಬಿಸಿ, ಮದ್ದೂರು ದಾಟಿ ಕಾವೇರಿಯನ್ನು ಸೇರುತ್ತದೆ. ಜಯಮಂಗಲಿ ಉತ್ತರಕ್ಕೆ ಕೊರಟಗೆರೆ, ಮಧುಗಿರಿ ಸೀಮೆಯಲ್ಲಿ ಸಾಗಿ ಆಂಧ್ರದಲ್ಲಿ ಉತ್ತರ ಪಿನಾಕಿನಿಯನ್ನು ಕೂಡುತ್ತದೆ. ಬೆಟ್ಟದ ನೆತ್ತಿಯಲ್ಲಿ ಅಕ್ಕಪಕ್ಕ ಬಿದ್ದ ಎರಡು ಹನಿಗಳಲ್ಲಿ ಒಂದು ಮಂಡ್ಯದ ಗದ್ದೆಯ ಕಡೆಗೆ, ಇನ್ನೊಂದು ಮಧುಗಿರಿಯ ಕಡಲೆಕಾಯಿ ಹೊಲದ ಕಡೆಗೆ ಹೊರಡಬಹುದು. ಮಕ್ಕಳನ್ನು ಕರೆದೊಯ್ಯುವವರು ಜಿಂಕೆ ತೋರಿಸುವ ಮುನ್ನ ಒಂದು ನಕ್ಷೆ ಬಿಡಿಸಿ ಇದನ್ನು ತೋರಿಸಲಿ. ಭೂಗೋಳದ ಪಾಠ ಕಾಲಡಿಯಲ್ಲೇ ಸಿಗುವ ಇಂಥ ಜಾಗಗಳು ಹೆಚ್ಚಿಲ್ಲ.

ಯಾವಾಗ, ಹೇಗೆ ಹೋಗಬೇಕು

ಈ ಸೀಮೆಯಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಒರತೆ ಮಳೆಯ ಹಿಂದೆ ನಿಧಾನವಾಗಿ ಬರುವುದರಿಂದ ಅಕ್ಟೋಬರ್ ಕೊನೆಯಿಂದ ಜನವರಿವರೆಗಿನ ಕಾಲ ಭೇಟಿಗೆ ಒಳ್ಳೆಯದು. ನೀರೂ ಇರುತ್ತದೆ, ಹಸಿರೂ ಉಳಿದಿರುತ್ತದೆ, ಚಳಿಗಾಲದ ವಲಸೆ ಹಕ್ಕಿಗಳೂ ಬಂದಿರುತ್ತವೆ. ಫೆಬ್ರುವರಿಯಿಂದ ಕಾಡು ಒಣಗುತ್ತದೆ, ಕಾಡ್ಗಿಚ್ಚಿನ ಭಯ ಶುರುವಾಗುತ್ತದೆ. ಫಾಲ್ಗುಣದಲ್ಲಿ ಭೋಗಾನರಸಿಂಹನ ರಥೋತ್ಸವ ನಡೆಯುತ್ತದೆ. ಜಾತ್ರೆಗೆಂದೇ ಹೋಗುವವರು ಆಗ ಹೋಗಲಿ. ಚಿಲುಮೆಯನ್ನು ಸಮಾಧಾನದಿಂದ ನೋಡಬೇಕೆನ್ನುವವರು ಬೇರೆ ದಿನ ಆರಿಸಿಕೊಳ್ಳಲಿ. ಸಾಧ್ಯವಿದ್ದರೆ ವಾರದ ನಡುವಿನ ದಿನ, ಬೆಳಗಿನ ಹೊತ್ತು.

ಸ್ವಂತ ವಾಹನದವರು ಬೆಂಗಳೂರಿನಿಂದ ದಾಬಸ್‌ಪೇಟೆಗೆ ಬಂದು ಊರ್ಡಿಗೆರೆಯ ಮೇಲೆ ಹೋಗಬಹುದು, ಇಲ್ಲವೇ ತುಮಕೂರು ತಲುಪಿ ಅಲ್ಲಿಂದ ಹೋಗಬಹುದು. ತುಮಕೂರಿಗೆ ರೈಲು, ಬಸ್ಸು ಎರಡೂ ಧಾರಾಳವಾಗಿವೆ. ಅಲ್ಲಿಂದ ಮುಂದಕ್ಕೆ ಹಳ್ಳಿಯ ಬಸ್ಸನ್ನು ನಂಬುವವರು ಹಿಂತಿರುಗುವ ಬಸ್ಸಿನ ಹೊತ್ತನ್ನು ತುಮಕೂರಿನ ನಿಲ್ದಾಣದಲ್ಲೇ ಕೇಳಿಕೊಂಡು ಹೊರಡುವುದು ಜಾಣತನ. ಪ್ರವೇಶದ ಸಮಯ, ಶುಲ್ಕ ಕಾಲಕಾಲಕ್ಕೆ ಬದಲಾಗುವುದರಿಂದ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ಸುತ್ತಲಿನ ಕಾಡಿನಲ್ಲಿ ಚಿರತೆ, ಕರಡಿ ಇವೆ. ಆದ್ದರಿಂದ ಕತ್ತಲಾಗುವ ಮುನ್ನ ಹೊರಟುಬಿಡಬೇಕು, ಅನುಮತಿಯಿಲ್ಲದೆ ಕಾಡಿನ ಒಳದಾರಿ ಹಿಡಿಯಬಾರದು.

ಹಕ್ಕಿ ನೋಡುವವರಿಗೆ ಈ ಜಾಗ ಹೊಸದಲ್ಲ. ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದ ಸಲೀಂ ಅಲಿ ನಾಮದ ಚಿಲುಮೆಯ ಅತಿಥಿಗೃಹದಲ್ಲಿ ತಂಗಿದ್ದರು. ದಕ್ಷಿಣ ಭಾರತದ ಕಲ್ಲುಬೆಟ್ಟಗಳ ಕುರುಚಲು ಕಾಡು ಬಿಟ್ಟರೆ ಜಗತ್ತಿನ ಬೇರೆಲ್ಲೂ ಕಾಣದ ಹಳದಿಕೊರಳಿನ ಪಿಕಳಾರ ಇಲ್ಲಿದೆ. ನೀರನ್ನು ಹಿಡಿದಿಡುವ ಕುರುಚಲೇ ಈ ಹಕ್ಕಿಗೂ ಮನೆ ಎಂಬುದನ್ನು ಗಮನಿಸಬೇಕು. ‘ಬರೀ ಪೊದೆ’ ಎಂದು ನಾವು ತಳ್ಳಿಹಾಕುವ ಗಿಡಗಂಟಿಗೆ ಎಷ್ಟು ಕೆಲಸಗಳಿವೆ!

ನೀರಿನ ಬಳಿ ನಡೆದುಕೊಳ್ಳುವ ರೀತಿ

ತಿಳಿಯಾಗಿರುವ ನೀರೆಲ್ಲ ಕುಡಿಯಲು ಯೋಗ್ಯವಲ್ಲ. ಬಿರುಕಿನ ಮೂಲಕ ಬರುವ ನೀರು ದಪ್ಪ ಮಣ್ಣಿನಲ್ಲಿ ಸೋಸಿಕೊಂಡು ಬಂದಿರುವುದಿಲ್ಲ. ಮೇಲಿನ ಕೊಳಕು ಬೇಗನೆ ಕೆಳಗಿಳಿಯಬಹುದು. ಬಾಯ್ದೆರೆದ ಒರತೆಗೆ ಕೋತಿಗಳೂ ಬರುತ್ತವೆ, ನೂರಾರು ಕೈಗಳೂ ಇಳಿಯುತ್ತವೆ. ಭಕ್ತಿಯಿಂದ ತಲೆಗೆ ಪ್ರೋಕ್ಷಿಸಿಕೊಳ್ಳುವುದು ಬೇರೆ, ಮಗುವಿನ ಬಾಟಲಿಗೆ ತುಂಬಿಸುವುದು ಬೇರೆ. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ, ತುಂಬಿಸಿಕೊಳ್ಳಬಹುದಾದ ಸ್ಟೀಲ್ ಬಾಟಲಿಯಾದರೆ ಮೇಲು.

ಕೋತಿಗಳಿಗೆ ತಿಂಡಿ ಹಾಕುವುದು ಪುಣ್ಯವೆಂಬ ಭಾವನೆ ನಮ್ಮಲ್ಲಿದೆ. ಆದರೆ ಮನುಷ್ಯರ ಕೈತುತ್ತು ರೂಢಿಯಾದ ಕೋತಿ ಕಾಡಿನ ಹಣ್ಣು ಹುಡುಕುವುದು ಬಿಟ್ಟು ಚೀಲ ಕಿತ್ತುಕೊಳ್ಳಲು ಕಲಿಯುತ್ತದೆ, ರಸ್ತೆಗೆ ಬಂದು ಗಾಡಿಗೆ ಸಿಕ್ಕುತ್ತದೆ. ತಿನಿಸಿನ ಪ್ಲಾಸ್ಟಿಕ್ ಪೊಟ್ಟಣ ಮಳೆಯ ಜೊತೆ ಒರತೆಯ ಹಾದಿಗೆ ಬರುತ್ತದೆ. ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ರಾಜ್ಯ 2016ರಲ್ಲೇ ನಿಷೇಧಿಸಿದೆ. ನಿಷೇಧ ಪಾಲಿಸುವುದನ್ನು ಕಾವಲುಗಾರನಿಗೆ ಬಿಡದೆ, ಒಯ್ದದ್ದನ್ನೆಲ್ಲ ವಾಪಸು ತರುವ ಚೀಲವೊಂದನ್ನು ಮೊದಲೇ ಇಟ್ಟುಕೊಳ್ಳೋಣ. ಸೋಪು, ಶಾಂಪೂ ಹತ್ತಿರಕ್ಕೂ ಬೇಡ. ಇಳಿಜಾರಿನಲ್ಲಿ ಅಡ್ಡದಾರಿ ತುಳಿಯುವುದೂ ಬೇಡ. ಕಾಲ್ದಾರಿ ಬಿದ್ದ ಕಡೆ ಮೊದಲು ಹುಲ್ಲು ಸಾಯುತ್ತದೆ, ಮುಂದಿನ ಮಳೆಗೆ ಗರಸು ಹೋಗುತ್ತದೆ. ಒಣಗಿದ ತಿಂಗಳಲ್ಲಿ ಬೀಡಿ, ಸಿಗರೇಟಿನ ಒಂದು ಕಿಡಿ ಬೆಟ್ಟದ ಹೊದಿಕೆಯನ್ನೇ ಸುಡಬಲ್ಲದು.

ಪೂಜ್ಯವಾದದ್ದನ್ನು ಮುಟ್ಟದೆ ಗೌರವಿಸುವ ಸಂಪ್ರದಾಯವೂ ಲೋಕದಲ್ಲಿದೆ. ನ್ಯೂಜಿಲೆಂಡಿನ ತೆ ವೈಕೊರೊಪುಪು ಚಿಲುಮೆಗಳನ್ನು ಅಲ್ಲಿನ ಮಾವೊರಿ ಜನ ಪವಿತ್ರವೆಂದು ನಂಬುತ್ತಾರೆ. 1993ರಲ್ಲಿ ಅಳೆದಾಗ ನೀರೊಳಗೆ 63 ಮೀಟರ್ ದೂರದವರೆಗೆ ಕಾಣುವಷ್ಟು ತಿಳಿಯಾಗಿದ್ದ ಆ ನೀರಿನಲ್ಲಿ ಇಂದು ಈಜುವಂತಿಲ್ಲ, ಕೈಯದ್ದುವಂತಿಲ್ಲ. ಬರುವವರು ನಿಂತು ನೋಡಿ ಹೋಗುತ್ತಾರೆ.

ತುಮಕೂರು ಮರೆಯುತ್ತಿರುವ ಪಾಠ

ಚಿಲುಮೆಯನ್ನು ಕಾಪಾಡುವ ವಿದ್ಯೆಯನ್ನು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಸೀಮೆಯ ಹಳ್ಳಿಗಳಲ್ಲಿ ತಲಪರಿಗೆಗಳಿದ್ದವು. ಕೆರೆಯ ಅಂಗಳದಲ್ಲೋ ಹಳ್ಳದ ಮರಳಿನಲ್ಲೋ ಉಕ್ಕುವ ಒರತೆಯನ್ನು ಕಾಲುವೆ ತೋಡಿ ಹೊಲಕ್ಕೆ ಹರಿಸಿಕೊಳ್ಳುವ ಏರ್ಪಾಡು ಅದು. ಊರವರು ಕೂಡಿ ಹೂಳು ತೆಗೆಯುತ್ತಿದ್ದರು, ಸರದಿಯ ಮೇಲೆ ನೀರು ಹಂಚಿಕೊಳ್ಳುತ್ತಿದ್ದರು, ಗಂಗೆಪೂಜೆ ಮಾಡುತ್ತಿದ್ದರು. ಒರತೆ ಕೊಟ್ಟಷ್ಟಕ್ಕೆ ಬೆಳೆ ಹೊಂದಿಸಿಕೊಳ್ಳುವ ಶಿಸ್ತು ಅದರಲ್ಲಿತ್ತು. ಕೊಳವೆಬಾವಿ ಬಂದ ಮೇಲೆ ಆ ಶಿಸ್ತು ಸಡಿಲವಾಯಿತು. ಕೊರಟಗೆರೆ, ಮಧುಗಿರಿ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಗೆ ಸೇರಿದವು, ಬಹಳಷ್ಟು ತಲಪರಿಗೆಗಳು ಒಣಗಿದವು. ಬಿರುಕುಗಳ ನೀರನ್ನು ಆಳದಿಂದ ಎತ್ತಿದರೆ ಮೇಲಿನ ಒರತೆಗೆ ಏರಿ ಬರಲು ಏನೂ ಉಳಿಯುವುದಿಲ್ಲ. ಇದು ಯಾರೊಬ್ಬ ರೈತನ ತಪ್ಪಲ್ಲ. ಎಲ್ಲರೂ ಒಂದೇ ಗಂಟಿನಿಂದ ತೆಗೆಯುತ್ತಿದ್ದೇವೆ ಎಂಬುದನ್ನು ಹೇಳದ, ಅಳೆಯದ ವ್ಯವಸ್ಥೆಯ ತಪ್ಪು.

ಸರಿಪಡಿಸಲು ಸಾಧ್ಯ ಎಂಬುದಕ್ಕೆ ಸಿಕ್ಕಿಂ ಉದಾಹರಣೆ. ಅಲ್ಲಿ 2008ರಲ್ಲಿ ಶುರುವಾದ ಧಾರಾ ವಿಕಾಸ್ ಯೋಜನೆಯಲ್ಲಿ ಮೊದಲು ಮಾಡಿದ್ದು ಒರತೆಗೆ ನೀರು ಎಲ್ಲಿ ಇಂಗುತ್ತದೆ ಎಂಬುದನ್ನು ಗುರುತಿಸುವ ಕೆಲಸ. ಆಮೇಲೆ ಮೇಲಿನ ಇಳಿಜಾರಿನಲ್ಲಿ ಇಂಗುಗುಂಡಿ ತೋಡಿದರು, ಬದು ಹಾಕಿದರು. ಬತ್ತುತ್ತಿದ್ದ ಹಲವು ಒರತೆಗಳು ಮತ್ತೆ ಚೇತರಿಸಿಕೊಂಡವು. ಹಿಮಾಲಯದ ಒರತೆಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬತ್ತುತ್ತಿವೆ ಎಂದು ನೀತಿ ಆಯೋಗದ 2018ರ ವರದಿ ಎಚ್ಚರಿಸಿದ ಮೇಲೆ ಈ ಕ್ರಮಕ್ಕೆ ಇನ್ನಷ್ಟು ಮಹತ್ವ ಬಂದಿದೆ.

ದೇವರಾಯನದುರ್ಗದಲ್ಲೂ ಇದು ಕಷ್ಟವಲ್ಲ. ಒರತೆಯ ನೀರು ಒಂದು ಬಕೆಟ್ ತುಂಬಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ತಿಂಗಳಿಗೊಮ್ಮೆ ಅಳೆದು, ಆ ತಿಂಗಳ ಮಳೆಯ ಪಕ್ಕದಲ್ಲಿ ಬರೆದು ಬಾಗಿಲಲ್ಲೇ ಫಲಕ ಹಾಕಬಹುದು. ಹತ್ತಿರದ ಶಾಲೆಯ ಮಕ್ಕಳೇ ಈ ಕೆಲಸ ನಿಭಾಯಿಸಬಲ್ಲರು. ಕೆಲವು ವರ್ಷಗಳ ದಾಖಲೆ ಕೂಡಿಬಂದರೆ ಒರತೆ ಯಾವ ಮಳೆಗೆ ಎಷ್ಟು ದಿನದ ಮೇಲೆ ಸ್ಪಂದಿಸುತ್ತದೆ, ಎಲ್ಲಿ ಇಂಗುಗುಂಡಿ ತೋಡಬೇಕು, ಯಾವ ತಿಂಗಳಲ್ಲಿ ಜನರ ಒತ್ತಡ ತಗ್ಗಿಸಬೇಕು ಎಂಬುದೆಲ್ಲ ಊಹೆಯಾಗಿ ಉಳಿಯುವುದಿಲ್ಲ. ಪ್ರವಾಸಿಗೂ ಆ ಫಲಕದಿಂದ ಲಾಭವಿದೆ. ಬೇಸಿಗೆಯಲ್ಲಿ ಬಂದವನು ನೀರು ಕಡಿಮೆಯೆಂದು ಮುನಿಸಿಕೊಳ್ಳುವ ಬದಲು, ಮಳೆ ನಿಂತು ಇಷ್ಟು ತಿಂಗಳಾದರೂ ಬೆಟ್ಟ ಕೊಡುತ್ತಲೇ ಇದೆಯಲ್ಲ ಎಂದು ಅರ್ಥಮಾಡಿಕೊಳ್ಳುತ್ತಾನೆ. ಅರಣ್ಯ ಇಲಾಖೆ, ಗ್ರಾಮ ಪಂಚಾಯಿತಿ, ಶಾಲೆಗಳು ಸೇರಿ ಮುಂದಿನ ಮುಂಗಾರಿಗೆ ಮುನ್ನ ಈ ಅಳತೆ ಆರಂಭಿಸಲಿ. ಅಲ್ಲಿಗೆ ಹೋಗುವ ನಾವು ಅದನ್ನು ಕೇಳಿ ಪಡೆಯಬೇಕು.