ಬೆಳ್ಳಿಗೆ ಬೆಲೆಯಿದೆ, ಬೆರಳಿಗೆ?

ಸನ್ಮಾನವೆಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ. ವೇದಿಕೆ ಸ್ವಲ್ಪ ದೊಡ್ಡದಾದರೆ ಜೊತೆಗೊಂದು ಬಿದರಿ ಹೂದಾನಿ. ಕೊಡುವವರು ಇದು ನಾಡಿನ ಹೆಮ್ಮೆ ಎನ್ನುತ್ತಾರೆ. ಪಡೆದವರು ಗಾಜಿನ ಕಪಾಟಿನಲ್ಲಿಟ್ಟು ಮರೆಯುತ್ತಾರೆ. ಬೆಳ್ಳಿ ಮಂಕಾದಾಗ ನಾವು ಮಾಡುವುದೇನು? ಹಿತ್ತಾಳೆ ಚೊಂಬಿನಂತೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತೇವೆ. ಬಿದರಿಯ ಪ್ರಾಣವಾದ ಕಪ್ಪೇ ಕಿತ್ತುಹೋಗುತ್ತದೆ. ಮೆತ್ತನೆಯ ಬಟ್ಟೆ, ಎರಡು ಹನಿ ಕೊಬ್ಬರಿ ಎಣ್ಣೆ ಸಾಕು ಎಂದು ಹೇಳಲು ಅದನ್ನು ಮಾಡಿದವನು ಅಲ್ಲಿರುವುದಿಲ್ಲ. ಅವನನ್ನು ನಾವು ವೇದಿಕೆಗೆ ಕರೆದಿರುವುದೂ ಇಲ್ಲ.

ಆ ಕಪ್ಪು ಬಣ್ಣ ಬಳಿದದ್ದಲ್ಲ. ಬಿದರಿಯ ಲೋಹದಲ್ಲಿ ಸತುವೇ ಹೆಚ್ಚು, ತಾಮ್ರ ಸ್ವಲ್ಪ. ಮಣ್ಣಿಗೆ ಹರಳೆಣ್ಣೆ, ರಾಳ ಬೆರೆಸಿ ಮಾಡಿದ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಗೊಳಿಸಿ, ಗೆರೆ ಕಾಣುವಂತೆ ಮೈಲುತುತ್ತದ ನೀರು ಸವರುತ್ತಾರೆ. ಆಮೇಲೆ ಕೈಯಿಂದಲೇ ಹೂಬಳ್ಳಿ ಬರೆದು, ಉಳಿಯಿಂದ ಕೊರೆದು, ಆ ಸಣ್ಣ ಗಾಡಿಯೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ ಸುತ್ತಿಗೆಯಿಂದ ಬಡಿಯುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಳೆ ಬಿಸಿಲು ತಾಗದ ಮೂಲೆಯ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಸರಿಯಾದ ಮಣ್ಣು ಯಾವುದೆಂದು ಕುಶಲಕರ್ಮಿ ನಾಲಿಗೆಗಿಟ್ಟು ನೋಡಿ ತಿಳಿಯುತ್ತಾನೆ. ಈ ನಾಲಿಗೆಯ ವಿದ್ಯೆ ಯಾವ ಪುಸ್ತಕದಿಂದಲೂ ಬರುವುದಿಲ್ಲ. ಒಂದು ತಲೆಮಾರು ಕಲಿಯದೇ ಹೋದರೆ ಮುಗಿಯಿತು.

ಬಹಮನಿ ಸುಲ್ತಾನರ ಕಾಲದಲ್ಲಿ ಇರಾನಿನಿಂದ ಬಂದು ಬೀದರಿನಲ್ಲಿ ಬೇರುಬಿಟ್ಟಿತೆಂಬ ಪ್ರತೀತಿ ಇರುವ ಈ ಕಸುಬನ್ನು ಇಂದು ಮುಸ್ಲಿಮರೂ ಹಿಂದೂಗಳೂ ಮಾಡುತ್ತಾರೆ. ಇದಕ್ಕೆ ಗೌರವ ಸಿಕ್ಕಿಲ್ಲವೆನ್ನುವಂತಿಲ್ಲ. 2005-06ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. 2011ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರವಾಗಿ ದಿಲ್ಲಿಯಲ್ಲಿ ಸಾಗಿತು. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆದರೆ ಚಪ್ಪಾಳೆಯಿಂದ ಒಲೆ ಉರಿಯುವುದಿಲ್ಲ.

ನಮ್ಮ ಇಬ್ಬಗೆಯನ್ನು ನೋಡಿ. ಚಿನ್ನದಂಗಡಿಯಲ್ಲಿ ಮಜೂರಿಯೆಂದೂ ವೇಸ್ಟೇಜ್ ಎಂದೂ ಸೇರಿಸಿದ ಬಿಲ್ಲನ್ನು ಹೆಚ್ಚು ಮಾತಿಲ್ಲದೆ ತೆರುತ್ತೇವೆ. ಅದೇ ನಾವು ಬಿದರಿ ಮಾಡುವವನ ಮುಂದೆ ಕೂತು, "ಇದರಲ್ಲಿ ಬೆಳ್ಳಿ ಎಷ್ಟು ಗ್ರಾಂ ಇದೆ?" ಎಂದು ಕೇಳಿ ಚೌಕಾಸಿಗೆ ಇಳಿಯುತ್ತೇವೆ. ಬೆಳ್ಳಿಗೆ ಮಾರುಕಟ್ಟೆಯಲ್ಲಿ ದಿನದ ದರವಿದೆ. ಬಗ್ಗಿದ ಬೆನ್ನಿಗೆ, ಅರದ ದೂಳು ಕುಡಿದ ಎದೆಗೆ, ಸೋತ ಕಣ್ಣಿಗೆ ಯಾವ ದರ? ಮಗ ಈ ಕೆಲಸ ಬಿಟ್ಟು ಬೇರೆ ದುಡಿಮೆ ಹುಡುಕಿದರೆ "ಕಲೆ ಅಳಿಯುತ್ತಿದೆ" ಎಂದು ಕಣ್ಣೀರಿಡಲು ನಮಗೆ ಯಾವ ಹಕ್ಕಿದೆ?

ಬಡವರ ಕೈಗೆಟುಕದ ವಸ್ತುವಿಗೆ ಇಷ್ಟು ಮಾತೇಕೆ ಎಂದು ಕೆಲವರು ಕೇಳಬಹುದು. ಹೌದು, ಒಂದು ಕಾಲಕ್ಕೆ ಹುಕ್ಕಾ, ಪಾನ್‌ದಾನ್, ಸುರಾಯಿಗಳ ರೂಪದಲ್ಲಿ ಇದು ಸಿರಿವಂತರ ಮನೆಯ ಸೊತ್ತೇ ಆಗಿತ್ತು. ಆದರೆ ಮಾಡುವವರು ಆಗಲೂ ಸಿರಿವಂತರಲ್ಲ, ಈಗಲೂ ಅಲ್ಲ. ನಾವಿಲ್ಲಿ ಕೇಳುತ್ತಿರುವುದು ಕೊಳ್ಳುವವನ ಅನುಕೂಲವನ್ನಲ್ಲ, ಮಾಡುವವನ ಕೂಲಿಯನ್ನು. ಇನ್ನು, ಕಿವಿಯೋಲೆ, ಗುಂಡಿ, ಪೆನ್ನಿನಂಥ ಸಣ್ಣ ವಸ್ತುಗಳೂ ಬಿದರಿಯಲ್ಲಿ ಬರುತ್ತವೆ. ಕೊಳ್ಳುವ ಮನಸ್ಸಿದ್ದರೆ ದಾರಿಯಿದೆ.

ಆದ್ದರಿಂದ ನಮ್ಮ ಬೇಡಿಕೆ ಸರಳ. ಸ್ಮರಣಿಕೆ ಹಂಚುವ ಇಲಾಖೆಗಳು, ವಿಶ್ವವಿದ್ಯಾಲಯಗಳು, ಸಂಘಸಂಸ್ಥೆಗಳು ಮಾಡುವವರಿಂದಲೇ ನೇರವಾಗಿ ಕೊಳ್ಳಲಿ. ಬೆಲೆಯನ್ನು ತೂಕದಿಂದಲ್ಲ, ದುಡಿದ ದಿನಗಳಿಂದ ಲೆಕ್ಕ ಹಾಕಲಿ. ಕೊಟ್ಟವರ, ಪಡೆದವರ ಹೆಸರಿನ ಜೊತೆ ಮಾಡಿದವರ ಹೆಸರೂ ಇರಲಿ. ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಕಲಿಯುವಷ್ಟು ಕಾಲ ಹೊಟ್ಟೆಗೆ ಸಾಲುವಷ್ಟು ಭತ್ಯೆ ಸಿಗಲಿ.

ನಮ್ಮ ಪಾಲಿನ ಕೆಲಸ ಇನ್ನೂ ಸಣ್ಣದು. ಮುಂದಿನ ಸಲ ಬಿದರಿಯ ವಸ್ತುವೊಂದನ್ನು ಕೈಗೆತ್ತಿಕೊಂಡಾಗ ಎಷ್ಟು ಗ್ರಾಂ ಬೆಳ್ಳಿ ಎಂದು ಕೇಳುವ ಮೊದಲು, ಎಷ್ಟು ದಿನದ ಕೆಲಸ ಎಂದು ಕೇಳೋಣ.